ಆನೆ ನಿನ್ನ ವಯಸ್ಸಿಗೆ ತಕ್ಕುದಲ್ಲ

ಗ್ರಂಥಾಲಯಕ್ಕೆ ಬರುವ ಮಕ್ಕಳನ್ನು ಇಂಟರ್ನೆಟ್ಟಿನಿಂದ ಕಾಪಾಡಲಿಕ್ಕೆ ಅಮೆರಿಕದವರು 2000ನೇ ಇಸವಿಯಲ್ಲಿ ಒಂದು ಕಾನೂನು ಮಾಡಿದರು. ಅದರ ವಿರುದ್ಧ ಅಲ್ಲಿನ ಗ್ರಂಥಾಲಯದವರ ಸಂಘವೇ ಕೋರ್ಟಿಗೆ ಹೋಯಿತು. 2003ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೂತು, ಆರು ಮಂದಿ ಸರಿ ಅಂದು, ಮೂರು ಮಂದಿ ತಪ್ಪು ಅಂದು, ಕಾನೂನು ಉಳಿಯಿತು. ಅಂತರಸಂತೆ ಹೋಬಳಿಯ ನಮ್ಮೂರಿನಲ್ಲಿ ಅದೇ ಕೆಲಸಕ್ಕೆ ನನ್ನೊಬ್ಬನನ್ನು ಹಾಕಿದರು. ಕೋರ್ಟಿಗೆ ಯಾರೂ ಹೋಗಲಿಲ್ಲ. ಹೋಗಿದ್ದರೆ ನನಗೇ ಒಳ್ಳೆಯದಾಗುತ್ತಿತ್ತು, ತಡೆಯಾಜ್ಞೆಯಾದರೂ ಸಿಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಊರಿನಲ್ಲಿ ನನಗೆ ಈಗ ಉಳಿದಿರುವ ಮರ್ಯಾದೆಯೆಲ್ಲ ನನ್ನ ಕೈಬರಹಕ್ಕೆ ಸಲ್ಲುವಂಥದ್ದು. ಬಗರ್‌ಹುಕುಂ ಅರ್ಜಿಯಿಂದ ಹಿಡಿದು ಮಾರಿಹಬ್ಬದ ಚಂದಾ ಪಟ್ಟಿಯವರೆಗೆ, ತಿಥಿ ಕಾರ್ಡಿನ ಕರಡಿನಿಂದ ಹಿಡಿದು ‘ಇಲ್ಲಿ ಕಸ ಹಾಕಬಾರದು’ ಎಂಬ ಬೋರ್ಡಿನವರೆಗೆ ಎಲ್ಲವೂ ನನ್ನದೇ ಅಕ್ಷರ. ದುಂಡಗೆ, ಒತ್ತಕ್ಷರ ಎದ್ದು ಕಾಣುವ ಹಾಗೆ ಬರೆಯುತ್ತೇನೆ. ದೂರದಿಂದ ನೋಡಿದರೂ ‘ಮೇಷ್ಟ್ರದು’ ಅಂತ ಗುರುತು ಹಿಡಿಯುತ್ತಾರೆ. ಇದನ್ನು ಇಲ್ಲಿ ಹೆಮ್ಮೆಗೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ ಅಂತ ಹೇಳುತ್ತಿದ್ದೇನೆ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮತ್ತೊಂದು ಸಲ ಪಂಚಾಯಿತಿಗೆ ಕರೆಸುತ್ತಾರೆ. ಮೈಸೂರು–ಮಾನಂದವಾಡಿ ರಸ್ತೆಯಿಂದ ಒಂದಿಷ್ಟು ಒಳಗೆ, ಕಾಡಿನ ಅಂಚಿಗೆ ಇದೆ ಅಂದರೆ ಸಾಕು. ಅಂತರಸಂತೆ ಅಂದರೆ ಗೊತ್ತಾಗದವರಿಗೆ ಕಬಿನಿ ಹಿನ್ನೀರು ಅಂದರೆ ಗೊತ್ತಾಗುತ್ತದೆ. ಅದೂ ಗೊತ್ತಾಗದವರಿಗೆ ಕಪ್ಪು ಚಿರತೆ ಅಂದುಬಿಟ್ಟರೆ ಆಯಿತು, ಮೊಣಕೈಯುದ್ದದ ಕ್ಯಾಮೆರಾ ತಗೊಂಡು ಹೊರಟೇ ಬಿಡುತ್ತಾರೆ. ದಮ್ಮನಕಟ್ಟೆಯ ಸಫಾರಿಗೆ ಹೋಗುವ ಬೆಂಗಳೂರಿನ ಕಾರುಗಳು ನಮ್ಮ ಕಣ್ಣ ಮುಂದೆಯೇ ಹಾದು ಹೋಗುತ್ತವೆ. ನಮಗೆ ಆ ಖರ್ಚಿಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆಗಳೇ ರಾತ್ರಿ ಮನೆ ಹಿಂದಕ್ಕೆ ಬಂದು ದರ್ಶನ ಕೊಟ್ಟು, ಬಾಳೆ ಕಾಣಿಕೆ ತಗೊಂಡು ಹೋಗುತ್ತವೆ.

ಗ್ರಂಥಾಲಯ ಅಂದರೆ ಪಂಚಾಯಿತಿ ಕಟ್ಟಡದ ಮಗ್ಗುಲ ಕೋಣೆ. ಮೊದಲು ಅದರಲ್ಲಿ ಎರಡು ಬೀರು, ಒಂದು ಉದ್ದನೆ ಮೇಜು, ಒಂದು ಪೇಪರು, ಅದನ್ನು ಓದುವ ನಾನು ಇಷ್ಟೇ ಇದ್ದದ್ದು. 2019ರಲ್ಲಿ ಸರ್ಕಾರ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟಿತು. ಮಾರನೇ ವರ್ಷ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಆ ನವೆಂಬರಿನ ಮಕ್ಕಳ ದಿನಾಚರಣೆಗೆ ‘ಓದುವ ಬೆಳಕು’ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಅಂತ ಆಯಿತು. ಆಮೇಲೆ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬಂತು, ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಟಿವಿ ಬಂತು, ನಾಲ್ಕು ಮೊಬೈಲ್ ಬಂದವು. ಇವೆಲ್ಲ ಬಂದ ಮೇಲೆ ಮಕ್ಕಳು ಬಂದವು. ಮಕ್ಕಳು ಬಂದ ಮೇಲೆ ನಾನು ಪೇಪರ್ ಓದುತ್ತಿದ್ದ ಕುರ್ಚಿ ಹೋಯಿತು. ಮುಂದೆ ನಡೆದ ಧರ್ಮಯುದ್ಧಕ್ಕೆಲ್ಲ ಮೂಲ ಆ ಕುರ್ಚಿಯೇ ಅಂತ ನನ್ನ ಮನೆಯವಳು ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಆದರೆ ಆ ಕುರ್ಚಿಗೆ ಕೈ ಇತ್ತು, ಗಾಳಿ ಬೆಳಕಿನ ಜಾಗದಲ್ಲಿತ್ತು ಎಂಬುದು ನಿಜ.

ಗ್ರಂಥಾಲಯದ ಮೇಲ್ವಿಚಾರಕಿಯನ್ನು ಮಕ್ಕಳು ‘ಲೈಬ್ರರಿ ಅಕ್ಕ’ ಅನ್ನುತ್ತವೆ. ನನ್ನ ಹಳೇ ವಿದ್ಯಾರ್ಥಿನಿ. ಅವಳು ಕಂಪ್ಯೂಟರಿನ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಿದ್ದಳು. ವಾಸ್ತು ಇರಬೇಕು ಅಂದುಕೊಂಡಿದ್ದೆ. ಅದರ ಮುಂದೆ ಒಂದು ಬೆಂಚು, ಬೆಂಚಿನ ಮೇಲೆ ಯಾವಾಗಲೂ ಇಬ್ಬರು. ಒಬ್ಬರೇ ಕೂರುವ ಹಾಗಿಲ್ಲ. ಬೆಂಚಿನ ಪಕ್ಕ ದಾರ ಕಟ್ಟಿದ ಪೆನ್ನು, ಉದ್ದನೆ ನೋಟ್‌ಬುಕ್ಕು. ಎದ್ದು ಹೋಗುವಾಗ ಏನು ನೋಡಿದೆ ಅಂತ ಒಂದು ಸಾಲು ಬರೆದು ಹೋಗಬೇಕು. ಇಷ್ಟೇ ಅವಳ ವ್ಯವಸ್ಥೆ. ಇದರಲ್ಲಿ ತಂತ್ರಜ್ಞಾನ ಎಲ್ಲಿದೆ, ನೀವೇ ಹೇಳಿ.

ಮಕ್ಕಳ ಗ್ರಾಮಸಭೆ ಅಂತ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಾಡುತ್ತಾರೆ. ಮಕ್ಕಳು ಮಾತಾಡಬೇಕು, ದೊಡ್ಡವರು ಕೇಳಬೇಕು ಅನ್ನುವುದು ಅದರ ನಿಯಮ. ನಾಲ್ಕನೇ ಕ್ಲಾಸಿನ ಹುಡುಗಿ ಎದ್ದು ನಿಂತು, “ಲೈಬ್ರರಿಗೆ ಇನ್ನೊಂದು ಕಂಪ್ಯೂಟರ್ ಬೇಕು, ಬೆಂಚಲ್ಲಿ ಜಾಗ ಸಾಲಲ್ಲ” ಅಂದಳು. ಅದಕ್ಕೆ ಉತ್ತರ ಕೊಡಬೇಕಾದವರು ಪಿಡಿಒ. ಎದ್ದು ನಿಂತವನು ನಾನು. ಮಕ್ಕಳು ಹಾಳಾಗುತ್ತಿದ್ದಾರೆ ಎಂದು ಶುರು ಮಾಡಿದೆ. ಆಸ್ಟ್ರೇಲಿಯದಲ್ಲಿ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಬಂದ್ ಮಾಡಿದ್ದಾರೆ, 2025ರ ಡಿಸೆಂಬರ್ 10ರಿಂದ ಜಾರಿ ಎಂದೆ. ನಮ್ಮ ದೇಶದ 2023ರ ಡಿಜಿಟಲ್ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದವರೆಗೂ ಮಗುವೇ, ಅಪ್ಪ ಅಮ್ಮನ ಒಪ್ಪಿಗೆ ಬೇಕು ಎಂದೆ. ಸಭೆಯಲ್ಲಿದ್ದ ಅಪ್ಪ ಅಮ್ಮಂದಿರಲ್ಲಿ ಅರ್ಧ ಜನ ಅಷ್ಟು ಹೊತ್ತಿಗೆ ತಮ್ಮ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಿದ್ದರು. ಅದು ನನ್ನ ವಾದಕ್ಕೆ ಪುಷ್ಟಿ ಅಂತಲೇ ಬಗೆದು ಇನ್ನೂ ಹತ್ತು ನಿಮಿಷ ಮಾತಾಡಿದೆ.

ಅಧ್ಯಕ್ಷರು ಆಕಳಿಸಿ, “ಮೇಷ್ಟ್ರೇ, ಆಸ್ಟ್ರೇಲಿಯ ಬುಡಿ. ನಮ್ಮೂರ್ಗೆ ಏನ್ ಮಾಡ್ಬೇಕು ಏಳಿ” ಅಂದರು.

“ನಿಗಾ ಇಡಬೇಕು” ಎಂದೆ.

“ಯಾರು?”

ಸಭೆ ಸುಮ್ಮನಾಯಿತು. ಲೈಬ್ರರಿ ಅಕ್ಕ ನೆಲ ನೋಡುತ್ತಿದ್ದಳು. ಬಹುಶಃ ನಗುತ್ತಿದ್ದಳು.

“ಹಂಗಾರೆ ನೀವೇ ಇಡಿ” ಅಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಅಂಗನವಾಡಿಯ ತೊಟ್ಟಿ.

ಮೊದಲು ಪಾಸ್‌ವರ್ಡ್ ಹಾಕಿದೆ. ನನ್ನನ್ನು ಕೇಳದೆ ಯಾರೂ ಕಂಪ್ಯೂಟರ್ ತೆರೆಯಬಾರದು ಅನ್ನುವುದು ಯೋಜನೆ. ಮರೆತುಹೋಗದಂಥದ್ದು ಬೇಕಲ್ಲ, ‘ಪಂಪ902’ ಅಂತ ಇಟ್ಟೆ. ಮರೆತರೆ ನೆನಪಿಸಲಿಕ್ಕೆ ಒಂದು ಸುಳಿವು ಬರೆಯಿರಿ ಅಂತ ಕಂಪ್ಯೂಟರೇ ಕೇಳಿತು. ‘ಆದಿಕವಿ, ಹುಟ್ಟಿದ ವರ್ಷ’ ಅಂತ ಬರೆದೆ. ನನ್ನ ಸೇವಾವಧಿಯಲ್ಲಿ ಪ್ರತಿ ಪರೀಕ್ಷೆಗೂ ಈ ಪ್ರಶ್ನೆ ಹಾಕಿದ್ದೇನೆ. ಪಂಪ ಹುಟ್ಟಿದ್ದು ಯಾವಾಗ ಅಂದರೆ ‘ಸ್ವಾತಂತ್ರ್ಯ ಬಂದ ಮೇಲೆ’ ಅಂತ ಬರೆದವರಿದ್ದಾರೆ. ಹಾಗಾಗಿ ಈ ಪಾಸ್‌ವರ್ಡ್ ಒಡೆಯುವ ಗಂಡು ಈ ಹೋಬಳಿಯಲ್ಲಿ ಹುಟ್ಟಿಲ್ಲ ಅಂತ ಧೈರ್ಯವಾಗಿದ್ದೆ.

ಒಂದು ಮಧ್ಯಾಹ್ನದಲ್ಲಿ ಒಡೆದರು. ಸೋಲಾರ್ ಬೇಲಿಯ ಮೇಲೆ ಒಣಮರ ಕೆಡವಿ ದಾಟುವ ಆನೆಯ ಹಾಗೆ, ಕಂಪ್ಯೂಟರ್ ಬಂದ್ ಆದರೇನು ಅಂತ ಅದೇ ಗ್ರಂಥಾಲಯದ ಮೊಬೈಲ್ ತೆಗೆದುಕೊಂಡು, ಮೈಕ್ ಒತ್ತಿ, “ಆದಿಕವಿ ಹುಟ್ಟಿದ ವರ್ಷ” ಅಂತ ಕೇಳಿದ್ದಾರೆ. ಒಬ್ಬನಿಗೆ ಗೊತ್ತಾದದ್ದು ಬೀದಿಗೆ ಗೊತ್ತಾಯಿತು. ಎರಡನೇ ಕ್ಲಾಸಿನ ಮಗು ಕೂಡ ಗೋಲಿ ಆಡುತ್ತಾ “ಪಂಪ ಒಂಬೈನೂರ ಎರಡು” ಅನ್ನುತ್ತಿತ್ತು. ಇಡೀ ವೃತ್ತಿಜೀವನದಲ್ಲಿ ನನ್ನ ಕೈಲಾಗದ ಕೆಲಸ. ಬೇಸರಪಟ್ಟುಕೊಳ್ಳಬೇಕೋ ಬೇಡವೋ ತಿಳಿಯದೆ ಪಾಸ್‌ವರ್ಡನ್ನು ‘ರನ್ನ949’ಕ್ಕೆ ಬದಲಾಯಿಸಿದೆ. ಅದೂ ಒಂದೇ ದಿನ ಉಳಿಯಿತು. ಇದೇ ಲೆಕ್ಕದಲ್ಲಿ ನಡೆಸಿದ್ದರೆ ಯುಗಾದಿಯ ಹೊತ್ತಿಗೆ ಊರ ಮಕ್ಕಳಿಗೆ ಕನ್ನಡ ಸಾಹಿತ್ಯ ಚರಿತ್ರೆ ಮುಗಿದಿರುತ್ತಿತ್ತು. ಅಷ್ಟು ತಾಳ್ಮೆ ನನಗಿರಲಿಲ್ಲ.

ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿ ಮಗನಿಗೆ ಫೋನ್ ಮಾಡಿದೆ. “ಮಾವ, ಪಾಸ್‌ವರ್ಡ್ ಬಿಡಿ. ಪದ ಹಿಡಿಯೋ ಫಿಲ್ಟರ್ ಹಾಕೋಣ. ಯಾವ್ಯಾವ ಪದ ಬೇಡವೋ ಬರ್ದು ಕಳ್ಸಿ. ಪುಟದಲ್ಲಿ ಎಲ್ಲಾದ್ರೂ ಆ ಪದ ಇದ್ರೆ ಪುಟಾನೇ ತೆರೆಯಲ್ಲ. ಬದಲಿಗೆ ನಿಮ್ಮದೊಂದು ಸಂದೇಶ ಬರುತ್ತೆ” ಅಂದ. ಸಂದೇಶವನ್ನು ಬಹಳ ಯೋಚಿಸಿ ಬರೆದೆ: ‘ಈ ವಿಷಯ ನಿನ್ನ ವಯಸ್ಸಿಗೆ ತಕ್ಕುದಲ್ಲ. ಎದ್ದು ಹೋಗಿ ಒಳ್ಳೆಯ ಪುಸ್ತಕ ಓದು.’ ಏಕವಚನದಲ್ಲಿ ಬರೆದೆ, ಮಕ್ಕಳಿಗಲ್ಲವೇ.

ಫಿಲ್ಟರ್ ಕೂತ ಮೇಲೆ ಪರದೆ ಬಾಗಿಲ ಕಡೆಗಿರುವ ಅಗತ್ಯ ಏನು ಅಂತ ಕಂಪ್ಯೂಟರನ್ನು ಗೋಡೆ ಕಡೆಗೆ ತಿರುಗಿಸಿದೆ. ಬೆಂಚು ಮೂಲೆಗೆ ಹೋಯಿತು. ಬೆಳಕಿನ ಜಾಗದಲ್ಲಿ ನನ್ನ ಕುರ್ಚಿ ಮತ್ತೆ ಬಂತು. ಲೈಬ್ರರಿ ಅಕ್ಕ, “ಸಾರ್, ಅದು ಹಂಗೇ ಇರ್ಲಿ ಅಂತ…” ಅಂದಳು. “ನೀನು ಸುಮ್ಮನಿರವ್ವ, ಈಗೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತೆ” ಅಂದೆ.

ಅಂದು ಸಂಜೆಯೇ ಆರನೇ ಕ್ಲಾಸಿನ ಹುಡುಗಿ ಒಬ್ಬಳು ಅಳುಮುಖ ಮಾಡಿಕೊಂಡು ಬಂದಳು. ಶಾಲೆಯಲ್ಲಿ ಅರ್ಜುನನ ಮೇಲೆ ಪ್ರಬಂಧ ಬರೆಯಲು ಹೇಳಿದ್ದರಂತೆ. ಮಹಾಭಾರತದವನಲ್ಲ, ನಮ್ಮವನು. 2012ರಿಂದ 2019ರವರೆಗೆ ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ಅವನಿದ್ದದ್ದು ನಮ್ಮ ಬಳ್ಳೆ ಶಿಬಿರದಲ್ಲಿ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿ, ಕಾಡಾನೆಯೊಂದಿಗೆ ಕಾದಾಡಿ ಸತ್ತ. ಆ ದಿನ ನಮ್ಮ ಕಡೆ ಒಲೆ ಹಚ್ಚದ ಮನೆಗಳಿದ್ದವು. ಹುಡುಗಿ ಅರ್ಜುನನ ವಿಷಯ ಓದಿ, ಆನೆ ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ ಅಂತ ಹುಡುಕಿದ್ದಾಳೆ.

“ಸಾ, ಆನೆ ನನ್ನ ವಯಸ್ಸಿಗೆ ತಕ್ಕುದಲ್ವಂತೆ.”

ನಾನು ಹೋಗಿ ನೋಡಿದೆ. ಪರದೆಯ ತುಂಬ ನನ್ನದೇ ಸಂದೇಶ. ಆನೆ ಒಂದು ಸಸ್ತನಿ. ‘ಸಸ್ತನಿ’ಯ ಒಳಗೆ ನಾನು ಬೇಡ ಅಂದ ಎರಡು ಅಕ್ಷರದ ಪದ ಅಡಗಿ ಕೂತಿತ್ತು. ಅದು ಅವಯವದ ಹೆಸರು, ಜೀವಶಾಸ್ತ್ರದ ಪದ. ನನ್ನ ಪಟ್ಟಿಗೆ ಅದು ಗೊತ್ತಿಲ್ಲ. ಹುಡುಗಿಯ ಮನೆ ಹಿಂದಿನ ಬಾಳೆ ತೋಟಕ್ಕೆ ಹಿಂದಿನ ರಾತ್ರಿಯಷ್ಟೇ ಎರಡು ಆನೆ ಬಂದು ಹೋಗಿದ್ದವು. ಅವು ಅವಳ ವಯಸ್ಸು ವಿಚಾರಿಸಿರಲಿಲ್ಲ. ಹುಲಿ, ಚಿರತೆ, ಕರಡಿ, ಜಿಂಕೆ ಎಲ್ಲ ಸಸ್ತನಿಗಳೇ. ನಾಗರಹೊಳೆಯ ಅಂಚಿನ ಊರಿನಲ್ಲಿ ನಾನು ಒಂದೇ ಏಟಿಗೆ ಇಡೀ ಕಾಡನ್ನು ವಯಸ್ಕರಿಗೆ ಮಾತ್ರ ಮಾಡಿದ್ದೆ. ನೋಡಲು ಬಿಟ್ಟದ್ದು ನವಿಲು ಮತ್ತು ಮೊಸಳೆ.

ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಅಂತ ಒಂದು ಊರಿದೆ. ಆ ಹೆಸರಿನ ನಡುವೆ ಇಂಗ್ಲಿಷಿನ ಒಂದು ಕೆಟ್ಟ ಪದ ಇದೆ ಅಂತ 1996ರಲ್ಲಿ ಒಂದು ದೊಡ್ಡ ಇಂಟರ್ನೆಟ್ ಕಂಪನಿಯ ಫಿಲ್ಟರ್ ಆ ಊರಿನವರಿಗೆ ಖಾತೆಯನ್ನೇ ತೆರೆಯಲು ಬಿಡಲಿಲ್ಲ. ಈ ತಾಪತ್ರಯಕ್ಕೆ ಇವತ್ತಿಗೂ ಆ ಊರಿನದೇ ಹೆಸರು. ಪಾಪ, ಅವರದು ಒಂದೇ ಪದ. ನನ್ನದು ಕನ್ನಡ. ಕಾಮನನ್ನು ತಡೆದರೆ ಕಾಮನಬಿಲ್ಲು ಹೋಯಿತು, ಕಾಮಧೇನು ಹೋಯಿತು, ಕಾಮಾಲೆಗೆ ಮದ್ದು ಹುಡುಕಿದವನಿಗೆ ‘ಎದ್ದು ಹೋಗಿ ಪುಸ್ತಕ ಓದು’ ಅಂತ ಬಂತು. ದಾವಣಗೆರೆ ಜಿಲ್ಲೆಯ ಸೂಳೆಕೆರೆ ದೊಡ್ಡ ಕೆರೆ ಅಂತ ಪಾಠದಲ್ಲಿದೆ, ಕಂಪ್ಯೂಟರಿನಲ್ಲಿ ಬತ್ತಿಹೋಯಿತು. ಎಲ್ಲಕ್ಕಿಂತ ದೊಡ್ಡ ಅನಾಹುತ ಮನ್ಮಥನ ಹೆಂಡತಿಯಿಂದ ಆದದ್ದು. ಕಾಮನ ಹೆಸರು ಬರೆದ ಮೇಲೆ ರತಿಯನ್ನು ಬಿಡುವುದು ವ್ಯಾಕರಣಕ್ಕೆ ಸಲ್ಲದು ಅಂತ ಅವಳನ್ನೂ ಸೇರಿಸಿದ್ದೆ. ಎರಡೇ ಅಕ್ಷರ. ‘ಭಾರತಿ’ ಹೋದಳು, ‘ಆರತಿ’ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ, ‘ಪ್ರತಿ’ ಹೋಯಿತು. ಪ್ರತಿ, ಪ್ರತಿಯೊಬ್ಬ, ಪ್ರತಿದಿನ, ಪ್ರತಿಕ್ರಿಯೆ! ಇವಿಲ್ಲದ ಕನ್ನಡದ ಪುಟ ಒಂದಿದ್ದರೆ ತೋರಿಸಿ. ಗ್ರಂಥಾಲಯದಲ್ಲಿ ಕನ್ನಡ ಇಂಟರ್ನೆಟ್ ಸಂಪೂರ್ಣ ಬಂದ್ ಆಯಿತು. ಇಂಗ್ಲಿಷ್ ಪುಟಗಳು ಮಾತ್ರ ಯಾವ ಅಡ್ಡಿಯೂ ಇಲ್ಲದೆ ತೆರೆಯುತ್ತಿದ್ದವು. ಮಕ್ಕಳು ಇಂಗ್ಲಿಷಿನಲ್ಲಿ ಆನೆ ಓದಲು ಶುರು ಮಾಡಿದರು. ಕನ್ನಡ ಮಾಧ್ಯಮಕ್ಕಾಗಿ ಗೋಕಾಕ್ ಚಳವಳಿಯ ಕಾಲದಿಂದ ಗಂಟಲು ಹರಿದುಕೊಂಡ ನಾನು ಮೂರು ದಿನ ಬದುಕಿದ್ದೂ ಸತ್ತಂತೆ ಇದ್ದೆ.

ಇಷ್ಟು ಬಿಗಿ ಮಾಡಿದರೂ ತಡೆಯಬೇಕಾದದ್ದು ತಡೆಯಿತೇ ಅಂದರೆ ಅದೂ ಇಲ್ಲ. ಬಿಳಿ ಆಗುವ ಕ್ರೀಮು, ದಿಢೀರ್ ಸಾಲ, ಅರೆಬರೆ ಬಟ್ಟೆಯ ಕುಣಿತ, ಇವೆಲ್ಲ ಬರುವುದು ಚಿತ್ರವಾಗಿ. ಚಿತ್ರಕ್ಕೆ ಅಕ್ಷರ ಎಲ್ಲಿದೆ ಹಿಡಿಯಲಿಕ್ಕೆ? ಎಂಟನೇ ಕ್ಲಾಸಿನ ಹುಡುಗನೊಬ್ಬ ನನ್ನ ಮೇಲೆ ಕರುಣೆ ತೋರಿ, “ಸಾ, ನಾವು ಟೈಪೇ ಮಾಡಲ್ಲ. ಮೈಕ್ ಒತ್ತಿ ಕೇಳ್ತೀವಿ, ವಿಡಿಯೊ ಬತ್ತದೆ. ನೀವ್ ಬರ್ದಿರದು ಯಾರ್ಗೂ ಅಡ್ಡ ಬರ್ನಿಲ್ಲ” ಅಂದ. ಅದರ ಮೇಲೆ ಪರದೆ ಗೋಡೆಗೆ ತಿರುಗಿತ್ತಲ್ಲ, ಮೂಲೆಯ ಬೆಂಚಿನಲ್ಲಿ ಯಾರು ಏನು ನೋಡುತ್ತಿದ್ದಾರೆ ಅಂತ ನನಗೂ ಕಾಣುತ್ತಿರಲಿಲ್ಲ, ಅಕ್ಕನಿಗೂ ಕಾಣುತ್ತಿರಲಿಲ್ಲ. ನಾನು ಬೆಳಕಿನಲ್ಲಿ ಪೇಪರ್ ಓದುತ್ತಿದ್ದೆ.

ರತಿಯನ್ನು ಬಿಡುಗಡೆ ಮಾಡಿದ ಮರುದಿನ ಪಂಚಾಯಿತಿಯ ಕಂಪ್ಯೂಟರ್ ಕೆಟ್ಟಿತು. ತಾಲ್ಲೂಕಿನಿಂದ ಅಧಿಕಾರಿಗಳು ಬರುವವರಿದ್ದರು, ಅವರಿಗೆ ವರ್ಷದ ಕಾಮಗಾರಿಗಳ ಪಟ್ಟಿ ತೆಗೆದುಕೊಡಬೇಕು. ಡಾಟಾ ಎಂಟ್ರಿ ಆಪರೇಟರು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತ. ಅವನ ಹಿಂದೆ ಪಿಡಿಒ, ಪಿಡಿಒ ಹಿಂದೆ ಕನ್ನಡಕ ಸರಿ ಮಾಡಿಕೊಳ್ಳುತ್ತಾ ಅಧ್ಯಕ್ಷರು. ಮಾಹಿತಿ ತೆರೆಯಲು ಒತ್ತಿದ. ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು. ‘ಕಾಮಗಾರಿ’ಯ ಮೊದಲೆರಡು ಅಕ್ಷರ ಯಾವುದು?

ಅರವತ್ತು ದಾಟಿದ ಅಧ್ಯಕ್ಷರು ಗಟ್ಟಿಯಾಗಿ ಓದಿದರು: “ಈ ವಿಷಯ… ನಿನ್ನ ವಯಸ್ಸಿಗೆ… ತಕ್ಕುದಲ್ಲ. ಎದ್ದು ಹೋಗಿ…” ಓದಿ, ನಿಧಾನಕ್ಕೆ ನನ್ನ ಕಡೆ ತಿರುಗಿದರು. “ಯಾರ್ ಮೇಷ್ಟ್ರೇ, ನಾನಾ?”

ಮಧ್ಯಾಹ್ನಕ್ಕೆ ಊರೆಲ್ಲ ಸುದ್ದಿ. ಕಾಮಗಾರಿ ಪಟ್ಟಿ ಅಶ್ಲೀಲ ಅಂತ ಮೇಷ್ಟ್ರು ನಿಷೇಧ ಮಾಡವ್ರಂತೆ. ಟೀ ಅಂಗಡಿಯಲ್ಲಿ ಒಬ್ಬರು ನನ್ನ ಪರವಾಗಿಯೇ ಮಾತಾಡಿದರು: “ಸರ್ಯಾಗೇ ಮಾಡವ್ರೆ. ನಮ್ ಬೀದಿ ಚರಂಡಿ ಕಾಮಗಾರಿ ನೋಡುದ್ರೆ ನೀವೂ ಅಂಗೇ ಅಂತೀರ.” ನನಗೆ ಆ ಬೆಂಬಲ ಬೇಕಾಗಿರಲಿಲ್ಲ. ವಿರೋಧ ಪಕ್ಷದವರು ಮನೆಗೆ ಬಂದು ಕೈ ಕುಲುಕಿ ಹೋದರು. ಅದಂತೂ ಬೇಕಾಗಿರಲೇ ಇಲ್ಲ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಎಸ್. ಆರ್. ರಂಗನಾಥನ್ ಕಡೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದು, 1972ರಲ್ಲಿ ತೀರಿಕೊಂಡವರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಅನ್ನುತ್ತದೆ. ನಾನು ಓದುಗನ ಸಮಯ, ಪಿಡಿಒ ಸಮಯ, ತಾಲ್ಲೂಕು ಅಧಿಕಾರಿಗಳ ಸಮಯ ಮೂರನ್ನೂ ಹಾಳು ಮಾಡಿದ್ದೆ. ಅಷ್ಟಕ್ಕೆ ಕೈ ಬಿಡಬಹುದಿತ್ತು. ಆದರೆ ತಂಗಿ ಮಗ ಫೋನಿನಲ್ಲಿ, “ಮಾವ, ಇದಕ್ಕೆ ಉಪಾಯ ಇದೆ. ಪೂರ್ತಿ ಪದ ಬಿಡಿಯಾಗಿ ಬಂದ್ರೆ ಮಾತ್ರ ಹಿಡಿ ಅಂತ ಹೇಳ್ಬಹುದು. ಆಗ ಕಾಮಗಾರಿ ತೆರೆಯುತ್ತೆ” ಅಂದುಬಿಟ್ಟ. ನಾನು ಕನ್ನಡದವನು, ತಕ್ಷಣ ಅಪಾಯ ಹೊಳೆಯಿತು. ಕನ್ನಡದಲ್ಲಿ ಪದ ಬಿಡಿಯಾಗಿ ಎಲ್ಲಿ ಬರುತ್ತದೆ? ‘ಅನ್ನು’ ಸೇರಿದರೆ ಒಂದು ರೂಪ, ‘ಇಂದ’ ಸೇರಿದರೆ ಇನ್ನೊಂದು. ಒಂದು ಕೆಟ್ಟ ಪದ ಪ್ರಥಮಾ ವಿಭಕ್ತಿಯಲ್ಲಿ ಸಿಕ್ಕಿಬಿದ್ದರೆ ಚತುರ್ಥಿಯಲ್ಲಿ ತಪ್ಪಿಸಿಕೊಳ್ಳುತ್ತದೆ. “ಹಾಗಾದರೆ ಎಲ್ಲಾ ರೂಪಾನೂ ಬರ್ದು ಕಳ್ಸಿ ಮಾವ” ಅಂದ.

ಬರೆದೆ. ಗ್ರಂಥಾಲಯದ ಮೇಜಿನ ಮುಂದೆಯೇ ಕೂತು, ಅನುಮಾನ ಬಂದ ಕಡೆ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ತೆಗೆದು ನೋಡಿ, ಗೆರೆ ಹಾಕಿದ ಫುಲ್‌ಸ್ಕೇಪ್ ಹಾಳೆಯಲ್ಲಿ ಕೆಂಪು ಶಾಯಿಯ ಶೀರ್ಷಿಕೆ, ನೀಲಿ ಶಾಯಿಯ ಪದ. ತತ್ಸಮ ಒಂದು ಕಡೆ, ತದ್ಭವ ಒಂದು ಕಡೆ, ದೇಶ್ಯ ಒಂದು ಕಡೆ. ಪ್ರತಿಯೊಂದು ಪದಕ್ಕೂ ಏಳೂ ವಿಭಕ್ತಿ. ಬಹುವಚನ ಬೇರೆ. ಹಳೇ ಹುರುಪು ಬಂದುಬಿಟ್ಟಿತ್ತು. ಹಳಗನ್ನಡ ಕಾವ್ಯಗಳ ಅಷ್ಟಾದಶ ವರ್ಣನೆಗಳಿಂದಲೂ ಕೆಲವನ್ನು ಹೆಕ್ಕಿದೆ, ಮಕ್ಕಳು ಅವನ್ನು ಹುಡುಕುವ ಸಂಭವ ಕಡಿಮೆಯಾದರೂ ಶಾಸ್ತ್ರಕ್ಕೆ ಲೋಪ ಬರಬಾರದಲ್ಲ. ಕೊನೆಗೆ ಅಡಿಟಿಪ್ಪಣಿ: ‘ಮಂಡ್ಯ ಕಡೆಯವು ಬೇರೆ ಹಾಳೆಯಲ್ಲಿ.’ ಫೋಟೊ ತೆಗೆದು ತಂಗಿ ಮಗನಿಗೆ ಕಳಿಸಿದೆ. ಹಾಳೆಯನ್ನು ನಿಘಂಟಿನೊಳಗೆ ಗುರುತಿಗೆ ಇಟ್ಟು, ನಿಘಂಟನ್ನು ಬೀರುವಿನಲ್ಲಿಟ್ಟು ಊಟಕ್ಕೆ ಹೋದೆ.

ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಗಟ್ಟಿಯಾಗಿ ಓದುವ ಕಾರ್ಯಕ್ರಮ. ಮಕ್ಕಳು ಸುತ್ತ ಕೂರುತ್ತವೆ, ಒಬ್ಬರು ಎದ್ದು ಓದುತ್ತಾರೆ, ಉಳಿದವರು ಕೇಳುತ್ತಾರೆ. ಮೊದಲಿಗೆ ನಿಘಂಟು ತೆಗೆದು ‘ಇವತ್ತಿನ ಹೊಸ ಪದ’ ಅಂತ ಒಂದನ್ನು ಆರಿಸುವುದು ಅಕ್ಕ ಮಾಡಿದ ಪದ್ಧತಿ. ಅಕ್ಕ ಆ ಗಳಿಗೆಯಲ್ಲಿ ಪಕ್ಕದ ಸಭಾಂಗಣಕ್ಕೆ ಕೀ ಕೊಡಲು ಹೋಗಿದ್ದಳು. ಅಲ್ಲಿ ಸ್ತ್ರೀಶಕ್ತಿ ಸಂಘದವರ ಉಳಿತಾಯದ ಲೆಕ್ಕ ನಡೆಯುತ್ತಿತ್ತು, ಮಧ್ಯೆ ಇರುವುದು ಒಂದು ಕಿಟಕಿ ಮಾತ್ರ. ಅರ್ಜುನನ ಪ್ರಬಂಧದ ಹುಡುಗಿಯೇ ನಿಘಂಟು ತೆಗೆದಳು. ಹಾಳೆ ಸಿಕ್ಕಿತು. ಮೇಷ್ಟ್ರ ಅಕ್ಷರ, ಕೆಂಪು ಶೀರ್ಷಿಕೆ, ಸಾಲಾಗಿ ವಿಭಕ್ತಿ. ಪಾಠವಲ್ಲದೆ ಇನ್ನೇನು?

ನಾನು ಊಟ ಮುಗಿಸಿ ಬರುವಾಗ ದೂರಕ್ಕೇ ರಾಗ ಕೇಳಿಸಿತು. ಮಗ್ಗಿ ಹೇಳುವ ರಾಗ. ಹುಡುಗಿ ಒಂದು ರೂಪ ಹೇಳುತ್ತಾಳೆ, ಇಪ್ಪತ್ತು ಮಕ್ಕಳು ಒಂದೇ ಕಂಠದಲ್ಲಿ ಹಿಂದಿನಿಂದ ಹೇಳುತ್ತವೆ. ಪ್ರಥಮಾ, ದ್ವಿತೀಯಾ, ತೃತೀಯಾ… ಒಳ್ಳೆಯ ಉಚ್ಚಾರಣೆ, ಒತ್ತಕ್ಷರಕ್ಕೆ ಸರಿಯಾದ ಒತ್ತು, ಒಂದು ಕ್ಷಣ ನನ್ನ ಎದೆ ತುಂಬಿ ಬಂತು. ಆಮೇಲೆ ಪದ ಯಾವುದು ಅಂತ ಕೇಳಿಸಿತು. ಅದನ್ನು ಇಲ್ಲಿ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ. ಸಪ್ತಮಿಗೆ ಬರುವಷ್ಟರಲ್ಲಿ ಕಿಟಕಿಯ ಆಚೆ ಉಳಿತಾಯದ ಲೆಕ್ಕ ನಿಂತಿತ್ತು.

ನಾನು ಒಳಗೆ ಹೋದಾಗ ಒಬ್ಬ ಚಿಕ್ಕವನು ಕೈ ಎತ್ತಿ, “ಸಾ, ಈ ಮೂರನೇದು ನಮ್ಮಜ್ಜಿ ದಿನಾ ಆಡ್‌ಗೆ ಬಯ್ಯೋದು. ಇದು ಹೊಸ ಪದ ಅಲ್ಲ ಸಾ” ಅಂದ. ಇನ್ನೊಬ್ಬಳಿಗೆ ಬಹುವಚನದಲ್ಲಿ ಅನುಮಾನ. ಸ್ತ್ರೀಶಕ್ತಿಯ ಹಿರಿಯಾಕೆ ಒಬ್ಬರು ಕಿಟಕಿಯಿಂದಲೇ ಕೈ ಚಾಚಿ ಹಾಳೆ ಇಸಿದುಕೊಂಡು, ಮೇಲಿಂದ ಕೆಳಗೆ ನೋಡಿ, ನನ್ನನ್ನೂ ಮೇಲಿಂದ ಕೆಳಗೆ ನೋಡಿದರು.

“ಇದ್ ನಿಮ್ ಅಕ್ಸರ ಅಲ್ವ ಮೇಷ್ಟ್ರೇ?”

ಅಲ್ಲ ಅನ್ನುವ ಹಾಗಿರಲಿಲ್ಲ. ಅವರ ಮಗಳ ಮದುವೆಯ ಲಗ್ನಪತ್ರಿಕೆಯ ಕರಡನ್ನೂ ನಾನೇ ಬರೆದದ್ದು.

“ನಲವತ್ ವರ್ಷ್ದಿಂದ ಈ ಊರಲ್ ಇದೀನಿ. ಇದ್ರಾಗೆ ಅರ್ಧ ನಂಗೇ ಗೊತ್ತಿರ್ನಿಲ್ಲ” ಅಂದು ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ಸಾಕ್ಷಿಗೆ ಇಟ್ಟುಕೊಂಡರೋ ಮುಂದೆ ಜಗಳಕ್ಕೆ ಬೇಕಾಗುತ್ತದೆ ಅಂತಲೋ, ಕೇಳುವ ಧೈರ್ಯ ನನಗೆ ಇರಲಿಲ್ಲ. ಇಂಟರ್ನೆಟ್ ಬಂದಾಗಿನಿಂದ ಆ ಗ್ರಂಥಾಲಯದೊಳಕ್ಕೆ ಬಂದ ಅತ್ಯಂತ ಅಶ್ಲೀಲವಾದ ಬರಹ ಅದೊಂದೇ. ಅದು ಬಂದದ್ದು ನನ್ನ ಪೆನ್ನಿನಿಂದ.

ಮುಂದಿನ ಪಂಚಾಯಿತಿ ಸಭೆಯಲ್ಲಿ ನನ್ನ ವಿಷಯ ಬಂತು. ಬಹಳ ಹೊತ್ತೇನೂ ಆಗಲಿಲ್ಲ. ಫಿಲ್ಟರ್ ತೆಗೆಯಬೇಕು, ಪಾಸ್‌ವರ್ಡ್ ಅಕ್ಕನ ಹತ್ತಿರ ಇರಬೇಕು, ಕಂಪ್ಯೂಟರ್ ಮೊದಲಿದ್ದ ಕಡೆಗೆ ತಿರುಗಬೇಕು, ಇನ್ನೊಂದು ಕಂಪ್ಯೂಟರಿಗೆ ಅರ್ಜಿ ಹಾಕಬೇಕು. ಅರ್ಜಿ ಬರೆಯಲು ಮಾತ್ರ ನನ್ನನ್ನು ಕರೆಯಬೇಡಿ ಅಂತ ಅಧ್ಯಕ್ಷರು ಒತ್ತಿ ಹೇಳಿದರಂತೆ.

ಪರದೆ ಮತ್ತೆ ಬಾಗಿಲ ಕಡೆ ತಿರುಗಿದ ದಿನ ನಾನು ಹೊರಗೆ ನಿಂತು ನೋಡಿದೆ. ಹಾದು ಹೋಗುವ ಹಾಲಿನವನಿಗೆ ಕಾಣುತ್ತದೆ, ಪಿಂಚಣಿಗೆ ಬಂದ ಅಜ್ಜಿಗೆ ಕಾಣುತ್ತದೆ, ಪಿಡಿಒಗೆ ಕಾಣುತ್ತದೆ. ಇಷ್ಟು ಕಣ್ಣಿನ ಮುಂದೆ ಕೂತವನು ನೋಡಬಾರದ್ದನ್ನು ನೋಡುವುದು ಹೇಗೆ? ವಾಸ್ತು ಅಲ್ಲ ಅಂತ ಆಗ ಗೊತ್ತಾಯಿತು. ಬೆಂಚಿಗೆ ಇಬ್ಬರು ಏಕೆ ಅಂತಲೂ ಕೇಳಿದೆ. “ಒಬ್ರೇ ಇದ್ರೆ ಹೆದರ್ಕೊಂಡು ಸುಮ್ನಾಗ್ತವೆ ಸಾರ್. ಇಬ್ರಿದ್ರೆ ಒಬ್ರಾದ್ರೂ ಬಂದು ಹೇಳ್ತವೆ” ಅಂದಳು. ಏನಾದರೂ ಕೆಟ್ಟದ್ದು ತಾನಾಗಿ ಬಂದರೆ ಮುಚ್ಚಿ ಅವಳಿಗೆ ಹೇಳಬೇಕು, ಹೇಳಿದವರಿಗೆ ಬೈಗುಳ ಇಲ್ಲ ಅನ್ನುವುದು ಅವಳ ಕಾನೂನು. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098, ಸೈಬರ್ ಮೋಸಕ್ಕೆ 1930 ಅಂತ ಎರಡೇ ನಂಬರು. ಅವೂ ನನ್ನ ಅಕ್ಷರವೇ, ಬಹಳ ಹಿಂದೆ ಬರೆಸಿಕೊಂಡಿದ್ದಳು. ಯಾಕೆ ಅಂತ ಆಗ ಕೇಳಿರಲಿಲ್ಲ.

ನೋಟ್‌ಬುಕ್ಕು ತಿರುವಿ ನೋಡಿದೆ. ‘ಅರ್ಜುನ ಸತ್ತಿದ್ದು. ಅಳು ಬಂತು.’ ‘ನವೋದಯ ಹಳೇ ಪ್ರಶ್ನೆ ಪತ್ರಿಕೆ.’ ‘ಕಪ್ಪು ಚಿರತೆ, ಮೂರು ಸಲ.’ ‘ತಾತ ಇದ್ದ ಹಳ್ಳಿ ನೀರೊಳಗೆ ಎಲ್ಲಿದೆ ಅಂತ ಮ್ಯಾಪಲ್ಲಿ ಹುಡುಕಿದೆ, ಸಿಗಲಿಲ್ಲ.’ ‘ಪಂಪ.’ ಈಗ ನಾನೂ ಆ ಕಂಪ್ಯೂಟರ್ ಮುಟ್ಟಿದರೆ ಅದರಲ್ಲಿ ಬರೆಯಬೇಕು, ಜೊತೆಗೆ ಬೆಂಚಿನ ಮೇಲೆ ಇನ್ನೊಬ್ಬರು ಇರಬೇಕು. ನನ್ನ ಜೊತೆ ಕೂರಲು ಎರಡನೇ ಕ್ಲಾಸಿನ ಒಬ್ಬನನ್ನು ನೇಮಿಸಿದ್ದಾರೆ.

ನಿಮ್ಮೂರಿನಲ್ಲೂ ಪಂಚಾಯಿತಿ ಗ್ರಂಥಾಲಯ ಇರುತ್ತದೆ. 18 ವರ್ಷದವರೆಗೆ ಸದಸ್ಯತ್ವಕ್ಕೆ ಕಾಸಿಲ್ಲ. ಮಕ್ಕಳನ್ನು ಕಳಿಸಿ. ಮನೆಯಲ್ಲಿ ನಿವೃತ್ತ ಮೇಷ್ಟ್ರು ಯಾರಾದರೂ ಇದ್ದರೆ ಅವರಿಗೆ ಒಂದು ಪೇಪರು, ಕೈ ಇರುವ ಒಂದು ಕುರ್ಚಿ ಕೊಟ್ಟು ಜಗುಲಿಯ ಮೇಲೇ ಕೂರಿಸಿಕೊಳ್ಳಿ.